ಇಪ್ಪತ್ತಾರನೇ ಮೇಜಿನವರು

ಹೂಚಕ್ರದ ರಿಬ್ಬನ್ನನ್ನು ಆಫ್ರಾ ಎರಡೂ ಕೈಯಿಂದ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು.

"'ಇಪ್ಪತ್ತಾರನೇ ಮೇಜಿನವರು' ಅಂತಿದೆ. ಹೆಸರಿಲ್ಲ, ವಿಳಾಸ ಇಲ್ಲ. ಯಾರೇ ಇವರು, ಇರ್ಮಿ?"

"ನನ್ನನ್ನ ಕೇಳ್ತೀರಲ್ಲ ಚಿಕ್ಕಮ್ಮ! ಅಮ್ಮನ ಜೊತೆ ಡೇರೆಯಲ್ಲಿ ಕೆಲಸ ಮಾಡಿದೋರು ನೀವು."

"ಆರೇ ವರ್ಷ ಕಣೇ. ಅದೂ ನಾನು ಹಿಂಬಾಗಿಲ ಕಡೆ. ಇಪ್ಪತ್ತಾರು ಅಂದ್ರೆ ವಾದ್ಯದವರ ಕಾಲಡಿ. ಅಲ್ಲಿ ಕೂತೋರ ಕಿವಿ ತೂತಾಗಿ ಹೋಗ್ತಿತ್ತು."

ಶವಪೆಟ್ಟಿಗೆಯಲ್ಲಿ ಇರ್ಮಿಯ ತಾಯಿ ಜೆಂಟಾ ಮಲಗಿದ್ದಳು. ಎಂಬತ್ತೊಂದು ವರ್ಷ. ಮ್ಯೂನಿಕ್ಕಿನ ಬಿಯರ್ ಹಬ್ಬದಲ್ಲಿ ಮೂವತ್ತನಾಲ್ಕು ವರ್ಷ ಮಗ್ಗು ಹೊತ್ತು ಬಡಿಸಿದವಳ ಶವಸಂಸ್ಕಾರ ಅದೇ ಹಬ್ಬದ ಎರಡನೇ ಮಂಗಳವಾರಕ್ಕೆ ಬಂದಿತ್ತು. ಜೊತೆಯಲ್ಲಿ ದುಡಿದವರೆಲ್ಲ ಈ ಹೊತ್ತಿಗೆ ಡೇರೆಗಳಲ್ಲಿ ಓಡಾಡುತ್ತಿದ್ದರು. ಜೆಂಡ್ಲಿಂಗ್ ಸ್ಮಶಾನದ ಪ್ರಾರ್ಥನಾ ಕೋಣೆಯಲ್ಲಿ ಆರು ಜನ ನೆರೆಹೊರೆಯವರು ಮಾತ್ರ ಕೂತಿದ್ದರು.

"ಹಬ್ಬದ ಮಧ್ಯೆ ಸತ್ಲಲ್ಲ, ಇನ್ನು ಬರೋರು ಯಾರು?" ಎಂದು ಆಫ್ರಾ ಮೂಗೊರೆಸಿಕೊಂಡಳು. "ಬರ್ತಾ ಟ್ರಾಮಲ್ಲಿ ನೋಡ್ದೆ. ಹಬ್ಬಕ್ಕಂತ ಹೊಸಾ ಚರ್ಮದ ಚಡ್ಡಿ ಹಾಕ್ಕೊಂಡ ಹತ್ತು ಗಂಡಸ್ರು. ಒಬ್ಬನ ಬೆನ್ನಲ್ಲಿ ಅಂಗಡಿ ಚೀಟಿ ಇನ್ನೂ ನೇತಾಡ್ತಿತ್ತು. ಬೆಳಗ್ಗೆ ಹತ್ತಕ್ಕೇ ಕುಣಿತ. ನಮ್ಮ ಕಾಲದಲ್ಲಿ ಹಬ್ಬಕ್ಕೆ ಹೋಗೋನು ಭಾನುವಾರದ ಕೋಟು ಹಾಕ್ಕೊಂಡು ಹೋಗ್ತಿದ್ದ."

ಆ ಹಬ್ಬ ಹೇಗಿತ್ತು, ಹೇಗಾಯಿತು ಎಂಬುದು ಇರ್ಮಿಗೆ ಯಾವತ್ತೂ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲೂ ಹದಿನಾರು ದಿನ ಅವಳನ್ನು ದಾಖೌ ಊರಿನ ಅತ್ತೆಯ ಮನೆಗೆ ಬಿಡುತ್ತಿದ್ದರು. ತಿರುಗಿ ಬಂದರೆ ತಾಯಿಗೆ ದನಿಯೇ ಇರುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತು ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಮಗ್ಗು ಹೊತ್ತು ಬೆರಳು ಸೆಟೆದುಕೊಂಡಿರಬೇಕು ಎಂದುಕೊಳ್ಳುತ್ತಿದ್ದಳು ಇರ್ಮಿ.

ಬಾಗಿಲು ತೆರೆಯಿತು. ಹನ್ನೊಂದು ಜನ ಒಳಗೆ ಬಂದರು, ಬಹುಪಾಲು ಮುದುಕರು. ಬಂದವರು ಸಾಲಿನಲ್ಲಿ ಕೂರಲಿಲ್ಲ. ಕುರ್ಚಿಗಳನ್ನು ಎತ್ತಿ ಅರ್ಧಚಂದ್ರದ ಹಾಗೆ ಒಬ್ಬರಿಗೊಬ್ಬರ ಮುಖ ಕಾಣುವಂತೆ ಇಟ್ಟುಕೊಂಡರು. ಸ್ಮಶಾನದ ನೌಕರ ಹಿಂದಿನಿಂದ "ರೀ, ಸ್ವಾಮಿ" ಎಂದು ಗದರಿದ. ಯಾರೂ ತಿರುಗಿ ನೋಡಲಿಲ್ಲ.

ಇರ್ಮಿ ಎದ್ದು ಹೋಗಿ, ಬಿಳಿ ಮೀಸೆಯ ದೊಡ್ಡ ಆಳಿನ ಮುಂದೆ ನಿಂತಳು. "ನೀವು ಅಮ್ಮನಿಗೆ ಏನಾಗ್ಬೇಕು?"

ಅವನು ಅವಳ ತುಟಿಯನ್ನೇ ನೋಡಿದ. ಆಮೇಲೆ ತನ್ನ ಕಿವಿ ಮುಟ್ಟಿ ತಲೆಯಾಡಿಸಿದ.

"ನಮ್ಮಪ್ಪನಿಗೆ ಕಿವಿ ಕೇಳಿಸಲ್ಲ," ಎಂದಳು ಪಕ್ಕದ ಹೆಂಗಸು. "ಇವರ್ಯಾರಿಗೂ ಕೇಳಿಸಲ್ಲ. ಕಿವುಡರ ಸಂಘದೋರು. ನನಗೊಬ್ಬಳಿಗೇ ಕೇಳಿಸೋದು. ನಾನು ಹೆಡ್ವಿಗ್, ಅಪ್ಪನ ಹೆಸರು ಆಲ್ಬಾನ್. ನಿಮ್ಮಮ್ಮನ ಮೇಜಿನೋರು ನಾವು."

"ಅಮ್ಮ ನಿಮ್ಮ ಜೊತೆ ಮಾತಾಡ್ತಿದ್ದಿದ್ದು ಹೇಗೆ?"

ಹೆಡ್ವಿಗ್ ಅಚ್ಚರಿಯಿಂದ ಅವಳನ್ನು ನೋಡಿದಳು. "ಕೈಯಲ್ಲಿ. ನಿಮಗೆ ಗೊತ್ತಿರ್ಲಿಲ್ವಾ?"

•

ಜೆಂಟಾ ಹಬ್ಬದ ಕೆಲಸಕ್ಕೆ ಸೇರಿದ್ದು ಮೂವತ್ತಾರನೇ ವಯಸ್ಸಿನಲ್ಲಿ, ಗಂಡ ಬಿಟ್ಟುಹೋದ ವರ್ಷ. ಉಳಿದ ತಿಂಗಳು ಶಾಲೆಯೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಕೆಲಸ.

ಆಗ ಡೇರೆಗೆ ಜನ ಬರುತ್ತಿದ್ದುದು ಕೂತು ಮಾತಾಡಲು. ಮೂಲಂಗಿ, ಬ್ರೆಡ್ಡು, ಚೀಸು ಮನೆಯಿಂದ ಕಟ್ಟಿಕೊಂಡು ಬಂದು, ಗಂಡ ಹೆಂಡತಿ ಒಂದೇ ಮಗ್ಗನ್ನು ಎರಡು ಗಂಟೆ ಹೊತ್ತು ಕುಡಿಯುವರು. ಮಕ್ಕಳು ಬೆಂಚಿನ ಮೇಲೆ ನಿದ್ದೆ ಹೋಗುವರು. ಮಾತಿಗೆ ಅಡ್ಡಿಯೆಂದು ವಾದ್ಯದ ಕಟ್ಟೆಯ ಬುಡದ ಮೇಜುಗಳು ಯಾರಿಗೂ ಬೇಡ. ಹೊಸಬಳ ಪಾಲಿಗೆ ಬಿದ್ದದ್ದು ಅವೇ.

ಇಪ್ಪತ್ತಾರರಲ್ಲಿ ಎಂಟು ಜನ ಕೂತಿದ್ದರು.

"ಏನ್ ಕೊಡ್ಲಿ?" ಎಂದಳು ಜೆಂಟಾ. ಯಾರೂ ತಿರುಗಲಿಲ್ಲ. ಕಿರುಚಿದಳು. ಆಗಲೂ ಇಲ್ಲ. ರೇಗಿ ಹೋಗಿ ಖಾಲಿ ಮಗ್ಗೊಂದನ್ನು ಮೇಜಿಗೆ ಕುಟ್ಟಿದಳು. ಎಂಟೂ ಮುಖ ಒಟ್ಟಿಗೆ ಮೇಲೆದ್ದವು.

"ಏನು, ಕಿವುಡ್ರಾ ನೀವು?"

ಕರಿಮೀಸೆಯ ಯುವಕನೊಬ್ಬ ಅವಳ ತುಟಿ ಓದಿ, ಬಹಳ ಖುಷಿಯಿಂದ ಹೌದೆಂದು ತಲೆಯಾಡಿಸಿದ.

ಜೆಂಟಾಳ ಮುಖ ಕೆಂಪಾಯಿತು. ಅವನು ನಗುತ್ತಾ ಅವಳ ಅಂಗೈ ಹಿಡಿದು ಮೇಜಿನ ಹಲಗೆಯ ಮೇಲೆ ಒತ್ತಿದ. ಕಟ್ಟೆಯ ಮೇಲಿನ ದೊಡ್ಡ ಡೋಲು ಹಲಗೆಯೊಳಗಿಂದ ಹಾದು ಅವಳ ಮೊಣಕೈವರೆಗೆ ಬಂತು. ಇಡೀ ಡೇರೆಯಲ್ಲಿ ಇವರಿಗೆ ಬೇಕಾದ ಮೇಜು ಇದೊಂದೇ ಏಕೆಂದು ಆಗ ಅವಳಿಗೆ ಹೊಳೆಯಿತು.

ಆ ವರ್ಷ ನಾಲ್ಕು ಸಂಜ್ಞೆ ಕಲಿತಳು: ಬಿಯರು, ಕೋಳಿ, ಸಾಕು, ಇನ್ನೊಂದು. ಮರುವರ್ಷ, ಕಿರುಚಿ ಕಿರುಚಿ ದನಿ ಸತ್ತುಹೋದ ದಿನಗಳಲ್ಲಿ, ಅವಳು ನೆಟ್ಟಗೆ ಮಾತಾಡಲು ಆಗುತ್ತಿದ್ದುದು ಈ ಮೇಜಿನವರ ಜೊತೆ ಮಾತ್ರ.

•

ಹತ್ತೊಂಬತ್ತು ವರ್ಷದ ಮೇಲೆ ಡೇರೆಯ ಯಜಮಾನ ಅವಳನ್ನು ಕರೆಸಿದ.

"ಜೆಂಟಾ, ಕಾಲ ಬದಲಾಯ್ತಮ್ಮ. ಜನ ಈಗ ಕೂರೋಕೆ ಬರಲ್ಲ, ಬೆಂಚು ಹತ್ತಿ ಕುಣಿಯೋಕೆ ಬರ್ತಾರೆ. ವಾದ್ಯದ ಮುಂದಿನ ಮೇಜಿಗೆ ಜಗಳ ನಡೀತಿದೆ. ಕಂಪನಿಯೋರು ಮೇಜು ಬೇಕು ಅಂತ ಒಂದು ವರ್ಷ ಮುಂಚೆ ಕಾಗದ ಬರೀತಾರೆ. ನಿನ್ನ ಜನ ಹಿಂದುಗಡೆ ಎಲ್ಲಾದ್ರೂ ಕೂರ್ಲಿ. ಅವರಿಗೆ ಹೇಗೂ ಕೇಳಿಸಲ್ವಲ್ಲ."

"ಕೇಳಿಸಲ್ಲ ಅಂತಾನೇ ಅಲ್ಲಿ ಕೂರೋದು. ಯಾರಿಗೂ ಬೇಡದೇ ಇದ್ದಾಗ ಆ ಮೇಜು ತುಂಬಿಸಿದೋರು ಅವರು."

"ಅದಕ್ಕೀಗ ಏನು ಮಾಡು ಅಂತೀಯ?"

"ಮಂಗಳವಾರ ಮಧ್ಯಾಹ್ನ ಆ ಮೇಜು ಅವರದ್ದು. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಏಪ್ರನ್ ಇಲ್ಲೇ ಬಿಚ್ಚಿಟ್ಟು ಹೋಗ್ತೀನಿ. ಒಂದೇ ಸಲಕ್ಕೆ ಹತ್ತು ಮಗ್ಗು ಹೊರೋ ಇನ್ನೊಬ್ಬಳನ್ನ ಹುಡುಕ್ಕೊಳ್ಳಿ."

ಯಜಮಾನ ಅವಳ ಊದಿದ ಮೊಣಕಾಲು ನೋಡಿದ. ಹೆಚ್ಚೆಂದರೆ ಎರಡು ವರ್ಷ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಸರಿ ಬಿಡು. ನೀನು ಕೆಲಸದಲ್ಲಿ ಇರೋವರೆಗೂ."

ಜೆಂಟಾ ಇನ್ನೂ ಹದಿನೈದು ವರ್ಷ ಕೆಲಸದಲ್ಲಿ ಇದ್ದಳು.

•

ಗುಂಡಿಯ ಬಳಿ ಪಾದ್ರಿಯ ಪ್ರಾರ್ಥನೆ ಮುಗಿಯಿತು. ಯಾರಾದರೂ ಎರಡು ಮಾತಾಡುವವರಿದ್ದಾರಾ ಎಂದು ಅವರು ಸುತ್ತ ನೋಡಿದರು. ಆಲ್ಬಾನ್ ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು, ಅದು ಅಡ್ಡಿಯಾಗಿ ಮತ್ತೆ ಹೆಡ್ವಿಗ್ ಕೈಗೆ ಕೊಟ್ಟು, ಮುಂದೆ ಬಂದ. ಅವನ ಕೈಗಳು ಚಲಿಸತೊಡಗಿದವು. ಹೆಡ್ವಿಗ್ ದನಿ ಕೊಟ್ಟಳು.

"ಹಬ್ಬ ಗದ್ದಲ ಆಗೋಯ್ತು ಅಂತ ಎಲ್ರೂ ಅಂತಾರೆ. ನಮಗೆ ಗದ್ದಲ ಗೊತ್ತಿಲ್ಲ. ನಮಗೆ ಗೊತ್ತಾದ ಬದಲಾವಣೆ ಬೇರೆ. ಮೊದಲು ಮೇಜಲ್ಲಿ ಡೋಲು ಸಿಗ್ತಿತ್ತು. ಆಮೇಲೆ ಅಕ್ಕಪಕ್ಕದ ಬೆಂಚಿನ ಮೇಲೆ ಕುಣಿಯೋರ ಕಾಲು ಮಾತ್ರ ಸಿಗೋಕೆ ಶುರುವಾಯ್ತು. ಎಲ್ರೂ ನಿಂತ್ಬಿಟ್ರೆ ನಮಗೆ ಎದುರು ಕೂತೋನ ಕೈ ಕಾಣಲ್ಲ. ಆಮೇಲೆ ಬಣ್ಣದ ದೀಪ ಬಂತು. ಅರ್ಧ ಮಾತು ಕೆಂಪಲ್ಲಿ, ಅರ್ಧ ಮಾತು ಕತ್ತಲಲ್ಲಿ."

ಕಿವುಡರ ಸಾಲಿನಲ್ಲಿ ಭುಜಗಳು ಕುಲುಕಿದವು. ನಗುತ್ತಿದ್ದರು.

"ಜೆಂಟಾ ಏನ್ ಮಾಡಿದ್ಲು? ಕುಣಿಯೋರನ್ನ ಬಟ್ಟೆ ಹಿಡಿದು ಜಗ್ಗಿ ಕೆಳಗಿಳಿಸಿದ್ಲು. ಮೇಜಿನ ಮೇಲೆ ಒಂದು ದೀಪ ಕಟ್ಟಿದ್ಲು, ಸೈಕಲ್ ದೀಪ. ಮಗಳ ಸೈಕಲ್ಲಿಂದ ಬಿಚ್ಕೊಂಡು ಬಂದಿದ್ದಂತೆ. ಅದಕ್ಕೆ ನಾವು ಇವತ್ತು ಕ್ಷಮೆ ಕೇಳ್ತೀವಿ."

"ಅಯ್ಯೋ, ಆ ದೀಪಾನಾ!" ಎಂದುಬಿಟ್ಟಳು ಇರ್ಮಿ, ಗಟ್ಟಿಯಾಗಿ. "ಕಳ್ಳ ಕದ್ದ ಅಂತ ಪೊಲೀಸ್‌ಗೆ ಹೇಳಿದ್ದೆ ನಾನು."

ಪಾದ್ರಿ ಕೆಮ್ಮಿದರು. ಆಫ್ರಾ ನಗು ತಡೆಯಲಾರದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

"ಅವಳು ಬಿಟ್ಟ ವರ್ಷವೇ ಮೇಜು ಹೋಯ್ತು," ಎಂದು ಹೆಡ್ವಿಗ್ ಮುಂದುವರಿಸಿದಳು. "ಈಗ ಮೈದಾನದ ಕೊನೇಲಿ ಹಳೇ ಕಾಲದ್ದು ಅಂತ ಒಂದು ಡೇರೆ ಹಾಕ್ತಾರೆ. ಅಲ್ಲಿ ಕೂರ್ತೀವಿ. ಜನ ಮತ್ತೆ ಕೂತ್ಕೊಂಡೇ ಕುಡೀತಾರೆ. ಚೆನ್ನಾಗಿದೆ. ಆದ್ರೆ ಅಲ್ಲಿ ಬಡಿಸೋರು ನಮಗೆ ಚೀಟೀಲಿ ಬರೆದು ತೋರಿಸ್ತಾರೆ."

ಆಲ್ಬಾನ್ ಕೈ ಇಳಿಸಿದ. ಮಣ್ಣು ಹಾಕಲು ಸಾಲು ನಿಂತಿತು. ತನ್ನ ಸರದಿ ಬಂದಾಗ ಇರ್ಮಿ ಹಿಡಿ ಮಣ್ಣು ಹಾಕಿದಳು. ಮೊಣಕಾಲು ನೋವು ತಿಂದುಕೊಂಡು ಏಕೆ ಹೋಗುತ್ತೀಯ ಎಂದು, ತಾಯಿಗೆ ಎಪ್ಪತ್ತಾಗುವವರೆಗೂ ಪ್ರತಿ ವರ್ಷ ಜಗಳವಾಡಿದ್ದಳು. "ಅಭ್ಯಾಸ ಆಗಿದೆ ಬಿಡು" ಎಂದಷ್ಟೇ ತಾಯಿ ಅನ್ನುತ್ತಿದ್ದಳು.

•

ಊಟಕ್ಕೆ ಹೇಳಿದ್ದು ಎಂಟು ಜನಕ್ಕೆ. ಸ್ಮಶಾನದ ಎದುರಿನ ಹೋಟೆಲಿನಲ್ಲಿ ಹಬ್ಬದ ದೆಸೆಯಿಂದ ಗಿರಾಕಿಗಳೇ ಇರಲಿಲ್ಲ. ಮೂರು ಮೇಜು ಕೂಡಿಸಿ ಹತ್ತೊಂಬತ್ತು ಜನಕ್ಕೆ ಜಾಗ ಮಾಡಿದರು. ಬೇಯಿಸಿದ ದನದ ಮಾಂಸ, ಖಾರ ಮೂಲಂಗಿಯ ಸಾಸು, ಆಲೂಗಡ್ಡೆ ಬಂತು. ನೆರೆಯವರು ಪಿಸುಗುಟ್ಟುತ್ತಿದ್ದರು. ಹನ್ನೊಂದು ಜನರ ಕೈಗಳು ಚಾಕು ಫೋರ್ಕು ಬಿಟ್ಟು ಬಿಟ್ಟು ಹಾರುತ್ತಿದ್ದವು.

"ನೋಡೇ, ಊಟ ತಣ್ಣಗಾಗಿಸೋದ್ರಲ್ಲಿ ಇವರನ್ನ ಮೀರಿಸೋರಿಲ್ಲ," ಎಂದಳು ಆಫ್ರಾ. "ಒಂದು ಮಾತಾಡ್ಬೇಕಾದ್ರೂ ಫೋರ್ಕು ಕೆಳಗಿಡ್ಬೇಕು ಪಾಪ."

ಇರ್ಮಿ ತನ್ನ ಕುರ್ಚಿ ಎಳೆದುಕೊಂಡು ಆಲ್ಬಾನನ ಎದುರಿಗೆ ಬಂದು ಕೂತಳು. ಕೇಳಲೋ ಬೇಡವೋ ಎಂದು ನೀರು ಕುಡಿದಳು.

"ಹೆಡ್ವಿಗ್, ನಿಮ್ಮಪ್ಪನ್ನ ಒಂದು ಮಾತು ಕೇಳಿ. ಅಮ್ಮ ಅಲ್ಲಿ ಯಾವತ್ತಾದ್ರೂ ನನ್ನ ವಿಷಯ ಹೇಳ್ತಿದ್ಲಾ?"

ಆಲ್ಬಾನ್ ಮಗಳ ಕೈ ನೋಡಿ, ಇರ್ಮಿಯನ್ನು ನೋಡಿ, ಹುಬ್ಬೇರಿಸಿದ. ಆಮೇಲೆ ಮುಷ್ಟಿಯನ್ನು ಕಿವಿಯ ಹಿಂದಿನಿಂದ ಜಾರಿಸಿ ಕೆಳಗೆ ತಂದು, ಅಲ್ಲಿಂದ ಏನನ್ನೋ ಎತ್ತಿ ಬಾಯಂಚಿಗೆ ಇಟ್ಟು ಕಚ್ಚಿದ.

"ಇದೇನು?" ಎಂದಳು ಇರ್ಮಿ.

"ನಿಮ್ಮ ಹೆಸರು," ಎಂದಳು ಹೆಡ್ವಿಗ್. "ನಮ್ಮಲ್ಲಿ ಪ್ರತಿಯೊಬ್ರಿಗೂ ಕೈಯಲ್ಲೊಂದು ಹೆಸರಿರುತ್ತೆ. ಇದನ್ನ ನಿಮ್ಮಮ್ಮಾನೇ ಇಟ್ಟಿದ್ದು. ಜಡೆ ತುದಿ ಕಚ್ಚೋಳು."

ಮೇಜಿನ ಆ ತುದಿಯ ಮುದುಕಿ ಇದನ್ನು ಕಂಡು ಪಕ್ಕದವನನ್ನು ತಿವಿದಳು. ಅವಳೂ ಅದೇ ಹೆಸರು ಹೇಳಿ ಇರ್ಮಿಯತ್ತ ಬೆರಳು ಮಾಡಿದಳು: ಇವಳೇನಾ ಅದು? ಒಂದೊಂದಾಗಿ ಹನ್ನೊಂದೂ ಮುಖ ಈ ಕಡೆ ತಿರುಗಿ, ಬಹಳ ದಿನದಿಂದ ಬಲ್ಲವರಂತೆ ಅವಳನ್ನು ನೋಡಿದವು.

ಇರ್ಮಿ ಮುಷ್ಟಿ ಕಟ್ಟಿ, ತನ್ನ ಕತ್ತರಿಸಿದ ನರೆಗೂದಲಿನ ಪಕ್ಕದಲ್ಲಿ ಇಟ್ಟು, ಭುಜದವರೆಗೆ ಇಳಿಸಿದಳು. ಆಲ್ಬಾನ್ ಅಲ್ಲ ಎಂದು ತಲೆಯಾಡಿಸಿದ. ಮೇಜಿನ ಮೇಲಿಂದ ಬಾಗಿ, ಅವಳ ಮಣಿಕಟ್ಟು ಹಿಡಿದು, ಇನ್ನೂ ಕೆಳಕ್ಕೆ, ಸೊಂಟದವರೆಗೆ ಎಳೆದ. ಚಿಕ್ಕಂದಿನಲ್ಲಿ ಅವಳ ಜಡೆ ಅಷ್ಟು ಉದ್ದವಿತ್ತು.