ಕೆಮ್ಮಿದರೂ ಬೈಯದ ದಿನ

“ಆ ಮುದುಕಿ ಇನ್ನೊಂದ್ಸಲ ಕೆಮ್ಮಿದ್ರೆ ಕತ್ತು ಹಿಡಿದು ಆಚೆ ದಬ್ರೋ! ಇದೇನು ರೆಕಾರ್ಡಿಂಗ್ ಸ್ಟುಡಿಯೋನೋ, ಕ್ಷಯದ ಆಸ್ಪತ್ರೆನೋ?”

ಗಾಜಿನಾಚೆ ಕೂತಿದ್ದ ನಾಟಕದ ನಿರ್ದೇಶಕನ ದನಿ ನಮ್ಮ ತಲೆಯ ಮೇಲಿನ ಸ್ಪೀಕರಿನಿಂದ ದಬದಬನೆ ಬಿತ್ತು. ಮುದುಕಿ ಎಂದರೆ ನನ್ನ ಅತ್ತೆ. ಅತ್ತೆ ಎರಡೂ ಅಂಗೈಯನ್ನು ಬಾಯಿಗೆ ಒತ್ತಿಕೊಂಡು, ಕೆಮ್ಮನ್ನು ನುಂಗಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತರು. ಲಾಂಡ್ರಿಯ ಹಬೆ, ಬ್ಲೀಚಿನ ಘಾಟು ಕುಡಿದು ಕುಡಿದು ಅವರ ಎದೆಯೊಳಗೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಸದ್ದಾಗುತ್ತದೆ.

ನಾವೆಲ್ಲ ಆ ಲಾಂಡ್ರಿಯವರೇ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವವರು. ನನ್ನ ದೊಡ್ಡ ನಾದಿನಿ ಅಲ್ಲಿಯೇ ಹಬೆಯ ಪೈಪು ಒಡೆದು, ಮೈಯೆಲ್ಲ ಬೆಂದು ಸತ್ತಳು. ಆಮೇಲೆ ಅತ್ತೆ ಕೆಲಸ ಮಾಡುತ್ತ ಮಾಡುತ್ತ ಒಂದು ಹಾಡು ಕಟ್ಟಿದರು. ಬಟ್ಟೆ ಹಿಂಡುವಾಗ ಅವರು ಒಂದು ಸಾಲು ಎತ್ತಿದರೆ ನಾವು ಹಿಂದಿನಿಂದ ಇನ್ನೊಂದು ಎಳೆಯುತ್ತಿದ್ದೆವು. ಅದನ್ನು ಕೇಳಲು ಬಂದ ನಿರ್ದೇಶಕ ಹಾಡಿನ ಸುತ್ತ ಒಂದು ನಾಟಕವನ್ನೇ ಕಟ್ಟಿದ. ಅದರ ತುಂಬ ಹಾಡುಗಳು. ನಾಯಕಿಯಾಗಿ ಬೇರೆ ಹುಡುಗಿ, ಹಿಂದೆ ಮೇಳದಲ್ಲಿ ನಾವು. ಎಲ್ಲೇ ಆಡಿದರೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಈಗ ಹಾಡುಗಳದ್ದೇ ಒಂದು ಆಲ್ಬಮ್, ಆ ಆಲ್ಬಮ್ ಮಾಡುವುದರದ್ದೇ ಒಂದು ಡಾಕ್ಯುಮೆಂಟರಿ.

“ನಾನು ಸತ್ಮೇಲೂ ಕೇಳ್ಬಹುದು ಅಲ್ವೇನೇ?” ಎಂದು ಅತ್ತೆ ಬರುವ ದಾರಿಯಲ್ಲಿ ಕೇಳಿದ್ದರು.

“ನೂರು ವರ್ಷ ಕೇಳ್ಬಹುದು ಅತ್ತೆ,” ಎಂದಿದ್ದೆ.

ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದಿದ್ದೆವು. ಡಾಕ್ಯುಮೆಂಟರಿ ತೆಗೆಯುವಾಕೆ ನಮ್ಮನ್ನು ನೋಡಿದವಳೇ ಮುಖ ಸಣ್ಣದು ಮಾಡಿದಳು. “ಅಯ್ಯೋ, ಮದುವೆಗೆ ಬಂದ ಹಾಗೆ ಬಂದ್ಬಿಟ್ರಲ್ಲ! ಕೆಲಸದ ಬಟ್ಟೆ ಇಲ್ವಾ?” ನಾಟಕದ ಪೆಟ್ಟಿಗೆಯಿಂದ ಹರಕು ಬಟ್ಟೆ ತರಿಸಿ ಉಡಿಸಿದಳು. ಅದರ ಮೇಲೆ ನೀರು ಚಿಮುಕಿಸಿದಳು. ಆಮೇಲೆ ಕ್ಯಾಮೆರಾವನ್ನು ಅತ್ತೆಯ ಅಂಗೈ ಹತ್ತಿರ ತಂದಳು. “ಕೈ ಬಿಡಿಸಿ ಅಜ್ಜಿ. ಆ ಬಿರುಕು ಕಾಣ್ಬೇಕು. ಇನ್ನೂ ಹತ್ರ. ನೋವಾಗುತ್ತಾ? ನೋವಾಗುತ್ತೆ ಅಂತ ಹೇಳಿ.”

“ಈಗ ಏನೂ ಆಗ್ತಿಲ್ವಲ್ಲಮ್ಮ,” ಎಂದರು ಅತ್ತೆ.

“ಆಗುತ್ತೆ ಅಂತ ಹೇಳಿ ಸಾಕು.”

ಅತ್ತೆ ಹೇಳಿದರು. ನನ್ನ ಚಿಕ್ಕ ನಾದಿನಿ ಹಿಂದಿನಿಂದ ಹಲ್ಲು ಕಡಿದಳು. ಅವಳ ನಾಲಗೆಗೆ ಹೆದರಿ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಾರೆ.

ಮಾರನೆಯ ದಿನ ಹೋದಾಗ ಎಲ್ಲ ಬದಲಾಗಿತ್ತು. ನಮ್ಮ ಮೈಕುಗಳನ್ನು ಗೋಡೆಯಿಂದ ಸರಿಸಿ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವ ಹಾಗೆ ಸಾಲಾಗಿ ಇಟ್ಟಿದ್ದರು. ನಾಯಕಿಗೆ ಮಾತ್ರ ಪಕ್ಕದಲ್ಲಿ ಒಂದು ಸಣ್ಣ ಗಾಜಿನ ಕೋಣೆ. ನಿರ್ದೇಶಕನ ಮುಖದಲ್ಲಿ ನಗು. ಕೆಂಪು ದೀಪ ಹತ್ತಿತು, ಹಾಡು ಶುರುವಾಯಿತು. ನಡುವೆ ಅತ್ತೆಗೆ ಕೆಮ್ಮು ಬಂತು. ತಡೆಯಲಾಗಲಿಲ್ಲ. ಮೂಳೆ ಮುರಿಯುವ ಹಾಗೆ ಕೆಮ್ಮಿದರು.

ನಾವೆಲ್ಲ ಮೈ ಬಿಗಿಹಿಡಿದು ಸ್ಪೀಕರಿನತ್ತ ನೋಡಿದೆವು. ಸದ್ದಿಲ್ಲ. ಹಾಡು ಮುಂದುವರಿಯಿತು. ಮುಗಿದ ಮೇಲೆ ನಿರ್ದೇಶಕ ಹೆಬ್ಬೆರಳು ಎತ್ತಿ ತೋರಿಸಿದ. “ಫಸ್ಟ್ ಕ್ಲಾಸ್! ಇನ್ನೊಂದ್ಸಲ, ಇದೇ ಥರ.”

ಅತ್ತೆಯ ಮುಖ ಅರಳಿತು. “ಪಾಪ, ಇವತ್ತು ಬೈಲಿಲ್ಲ ನೋಡು. ಮನುಷ್ಯ ಒಳ್ಳೆಯವ್ನೇ.”

ಕತ್ತರಿ ನನ್ನ ಪಕ್ಕೆಗೆ ತಿವಿದಳು.

“ಅತ್ತಿಗೆ, ನಿನ್ನೆ ಉಸಿರು ಬಿಟ್ರೂ ಉರ್ಕೊಂಡು ಬೀಳ್ತಿದ್ದ ನನ್ಮಗ ಇವತ್ತು ಯಾಕೆ ಬೈಲಿಲ್ಲ?”

“ಸುಮ್ನಿರು. ಬೈಯದೇ ಇದ್ರೂ ತಪ್ಪಾ?”

“ಇವರು ಬೈಯದೇ ಇದ್ದಾಗ್ಲೇ ಹುಷಾರಾಗಿರ್ಬೇಕು.”

ಮುಂದಿನ ಸಲ ಕೆಂಪು ದೀಪ ಹತ್ತಿದಾಗ ಕತ್ತರಿ ರಾಗವನ್ನು ಒಂದಿಷ್ಟೂ ಕೆಡಿಸಲಿಲ್ಲ. ಮಾತನ್ನು ಮಾತ್ರ ಬದಲಿಸಿದಳು. “ಬೋಳಿಮಗನೇ ನಿರ್ದೇಶಕ, ನಿನ್ನ ಬಾಯಿಗೆ ಬ್ಲೀಚ್ ಹಾಕಾ” ಎಂದು ಮೈಕಿಗೆ ಬಾಯಿ ಹಚ್ಚಿ, ಕಣ್ಣು ಮುಚ್ಚಿ, ಭಕ್ತಿಯಿಂದ ಹಾಡಿದಳು. ಪಕ್ಕದವಳು ನಗು ತಡೆಯಲಾರದೆ ನನ್ನ ಬೆನ್ನಿಗೆ ಮುಖ ಒತ್ತಿದಳು. ಗಾಜಿನಾಚೆ ನಿರ್ದೇಶಕ ತಲೆದೂಗುತ್ತಿದ್ದ. ಮುಗಿದ ಮೇಲೆ ಮತ್ತೆ ಹೆಬ್ಬೆರಳು ಎತ್ತಿದ.

ನಗು ಅಲ್ಲಿಗೇ ಸತ್ತಿತು.

ಚಹಾಕ್ಕೆಂದು ಬಿಟ್ಟಾಗ ನಾನೂ ಕತ್ತರಿಯೂ ಮೈಕಿನ ವೈರು ಹಿಡಿದು ಹೋದೆವು. ಅದು ನೆಲದ ಮೇಲೆ ಹರಿದು, ದಪ್ಪ ಪರದೆಯ ಕೆಳಗೆ ನುಸುಳಿತ್ತು. ಪರದೆ ಸರಿಸಿ ನೋಡಿದರೆ ನಮ್ಮ ಮೈಕುಗಳ ವೈರುಗಳೆಲ್ಲ ನೀಟಾಗಿ ಸುರುಳಿ ಸುತ್ತಿ ಬಿದ್ದಿದ್ದವು. ಒಂದರ ತುದಿಯೂ ಯಾವುದಕ್ಕೂ ಸಿಕ್ಕಿಸಿರಲಿಲ್ಲ.

ಡಾಕ್ಯುಮೆಂಟರಿಯಾಕೆ ಬಾಗಿಲ ಬಳಿ ಕ್ಯಾಮೆರಾ ಒರೆಸುತ್ತಿದ್ದಳು. ಕತ್ತರಿ ಹೋಗಿ ಎದುರಿಗೆ ನಿಂತಳು.

“ಯಾರು ಹಾಡಿದ್ದು ನಮ್ಮ ಹಾಡು?”

ಆಕೆ ಮೊದಲು ಅರ್ಥವಾಗದವಳ ಹಾಗೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. “ಬೇಜಾರು ಮಾಡ್ಕೋಬೇಡಿ ಅಕ್ಕ. ನಿನ್ನೆ ನೀವು ಹೋದ್ಮೇಲೆ ಬೇರೆ ಮೇಳದವ್ರನ್ನ ಕರ್ಸಿ ಹಾಡ್ಸಿದ್ರು. ಆಲ್ಬಮ್‌ಗೆ ಕ್ಲೀನ್ ಸೌಂಡ್ ಬೇಕಂತೆ. ಆದ್ರೆ ಚಿತ್ರದಲ್ಲಿ ನೀವೇ ಇರ್ತೀರಿ! ಮುಖ ನಿಮ್ದೇ!”

“ಊರಿನ ಹೊಲಸೆಲ್ಲ ಕ್ಲೀನ್ ಮಾಡೋರು ನಾವು. ನಮ್ಮ ಗಂಟಲು ಕ್ಲೀನ್ ಇಲ್ವಾ?”

“ಅದು ನನ್ನ ಕೈಯಲ್ಲಿಲ್ಲ,” ಎಂದಳು ಆಕೆ. ನಾನು ಆಕೆಯ ಕೈ ನೋಡಿದೆ. ಕ್ಯಾಮೆರಾದ ಗುಂಡಿ ಒತ್ತಿಯೇ ಇತ್ತು. ನಮ್ಮ ಸಿಟ್ಟನ್ನೂ ತೆಗೆದುಕೊಳ್ಳುತ್ತಿದ್ದಳು.

ಅತ್ತೆಗೆ ಹೇಳುವುದೋ ಬೇಡವೋ? ಅವರು ಒಂದು ಮೂಲೆಯಲ್ಲಿ ಕೂತು, ಬಿಸಿನೀರು ಗುಟುಕರಿಸುತ್ತ ಗಂಟಲು ಹದ ಮಾಡಿಕೊಳ್ಳುತ್ತಿದ್ದರು. ಬೇಡ ಎಂದೆ ನಾನು. ಖುಷಿಯಾಗಿದ್ದಾರೆ, ಇರಲಿ.

“ಖುಷಿನಾ?” ಎಂದಳು ಕತ್ತರಿ. “ಅಕ್ಕ ಸತ್ತಾಗ್ಲೂ ನಮ್ಗೆ ಹೇಳೋಕೆ ಮುಂಚೆ ಪೈಪು ರಿಪೇರಿ ಮಾಡಿ, ನೆಲ ತೊಳೆದು ಇಟ್ಟಿದ್ರು ಅತ್ತಿಗೆ. ಇನ್ನು ನಾವೂ ಅವರ ಹಾಗೇ ಮಾಡೋಣ್ವಾ?”

ಅವಳೇ ಹೋಗಿ ತಾಯಿಯ ಕಾಲ ಬಳಿ ಕೂತು ಹೇಳಿದಳು. ಅತ್ತೆ ಲೋಟ ಕೆಳಗಿಟ್ಟರು. ಅಳಲಿಲ್ಲ. ಸಾಲಾಗಿ ನಿಂತ ಮೈಕುಗಳತ್ತ ತಿರುಗಿದರು.

“ಎಲ್ಲಾ ಮೈಕೂ ಸತ್ತಿದ್ಯಾ?”

“ನಮ್ದೆಲ್ಲಾ.”

“ಆ ಹುಡುಗೀದು?”

ಕತ್ತರಿ ಗಾಜಿನ ಕೋಣೆಯತ್ತ ನೋಡಿದಳು. “ಅದಕ್ಕೆ ಜೀವ ಇದೆ ಅಮ್ಮ. ನಾಯಕಿ ಹಾಡೋದನ್ನ ಇವತ್ತೇ ರೆಕಾರ್ಡ್ ಮಾಡ್ತಿದ್ದಾರೆ.”

ಅತ್ತೆ ನನ್ನತ್ತ ಕೈ ಚಾಚಿದರು. “ಎಬ್ಬಿಸೇ ನನ್ನ.”

ಕೆಂಪು ದೀಪ ಹತ್ತಿತು. ಸಂಗೀತ ಶುರುವಾಯಿತು. ನಾಯಕಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗಾಜಿನ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದರು. ಅವರ ಹಿಂದೆ ನಾವೆಲ್ಲ, ಮೈಗೆ ಮೈ ತಾಗಿಸಿಕೊಂಡು, ತುಂಬಿದ ಬಸ್ಸಿಗೆ ನುಗ್ಗುವ ಹಾಗೆ ನುಗ್ಗಿದೆವು. ನಾನು ಕೊನೆಯವಳು. ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತೆ.

“ನಂಗೆ ಗೊತ್ತಿರ್ಲಿಲ್ಲ,” ಎಂದಳು ನಾಯಕಿ, ಗೋಡೆಗೆ ಅಂಟಿಕೊಂಡು.

“ಈಗ ಗೊತ್ತಾಯ್ತಲ್ಲ. ಜಾಗ ಬಿಡು,” ಎಂದಳು ಕತ್ತರಿ.

ಅತ್ತೆ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಹಾಡಿದರು.

*ಬೆಳ್ಳಗೆ ಮಾಡಿ ಮಡಿಸಿ ಇಟ್ಟೆ ಊರ ಜನರ ಹಾಸಿಗೆ*
*ಬೆಂದ ಮಗಳ ಮೈಯ ಮುಚ್ಚಲು ಚಿಂದಿ ಇಲ್ಲ ನಮ್ಮನೆಗೆ*

ಕೋಣೆಯೊಳಗಿನ ಸ್ಪೀಕರು ಅರಚಿತು. “ಏಯ್! ಯಾರಪ್ಪನ ಮನೆ ಅಂದ್ಕೊಂಡಿದ್ದೀರೇ? ಎಳೆದು ಹಾಕ್ರೋ ಆ ಮುಂಡೇವನ್ನ!”

ನಾಟಕದಲ್ಲಿ ಹಾಡು ಅಲ್ಲಿಂದ ಬೆಳದಿಂಗಳಿನ ಕಡೆಗೆ ತಿರುಗುತ್ತಿತ್ತು. ಅತ್ತೆ ತಿರುಗಲಿಲ್ಲ. ಪೈಪು ಸೋರುತ್ತಿದೆ ಎಂದು ಹೇಳಲು ಹೋದ ದೊಡ್ಡ ಮಗಳಿಗೆ ಲಾಂಡ್ರಿಯ ಮಾಲೀಕ ಏನೆಂದ, ಎಲ್ಲಿ ನಿಂತು ಅಂದ, ಅದನ್ನು ಹಾಡಿದರು. ಆ ಚರಣವನ್ನು ನಾವು ನಾಟಕದ ಮೊದಲ ತಾಲೀಮಿನಲ್ಲಿ ಹಾಡಿದ್ದೆವು. ಮರುದಿನವೇ ನಿರ್ದೇಶಕ ಅದನ್ನು ಕಿತ್ತು ಹಾಕಿದ್ದ. ಈಗ ಅವನು ಬೈಯುವುದನ್ನು ಬಿಟ್ಟು ಬೇಡಿಕೊಳ್ಳತೊಡಗಿದ. “ಆ ಚರಣ ಬೇಡ ಅಜ್ಜಿ... ಇದಕ್ಕೆ ದುಡ್ಡು ಹಾಕಿರೋದೇ ನಿಮ್ಮ ಮಾಲೀಕರು, ಗೊತ್ತಾದ್ರೆ ನನ್ನ ಕಥೆ ಮುಗೀತು... ಬೇಡ ಅಂದ್ನಲ್ಲ!”

ನಾವು ಹಿಂದಿನಿಂದ ಸಾಲು ಎಳೆದೆವು. ಅತ್ತೆಯ ಉಸಿರು ಎಲ್ಲಿ ತುಂಡಾಗುತ್ತಿತ್ತೋ ಅಲ್ಲಿ ಕತ್ತರಿಯ ದನಿ ಸೇರಿಕೊಳ್ಳುತ್ತಿತ್ತು.

ನಿರ್ದೇಶಕ ಎದ್ದು ಹೊರಗೆ ಓಡಿದ. ಡಾಕ್ಯುಮೆಂಟರಿಯಾಕೆ ಗಾಜಿನಾಚೆ ಕ್ಯಾಮೆರಾ ಎತ್ತಿ ಹಿಡಿದಿದ್ದಳು. ನಮಗಾಗಿಯೋ, ತನಗಾಗಿಯೋ, ನಾಳೆ ಮಾಲೀಕನಿಗೆ ತೋರಿಸಲೋ, ಆ ಮುಖ ನೋಡಿ ನನಗೆ ಏನೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಸೌಂಡಿನವನು ಒಂಟಿಯಾಗಿ ಕೂತಿದ್ದ. ಅವನ ಬೆರಳು ರೆಕಾರ್ಡಿಂಗ್ ನಿಲ್ಲಿಸುವ ಗುಂಡಿಯ ಮೇಲೆ ನಿಂತಿತ್ತು. ಒತ್ತಿದ್ದಾನೋ, ಒತ್ತಲಿದ್ದಾನೋ.

ನನ್ನ ಬೆನ್ನಿಗೆ ಬಾಗಿಲು ಅದುರತೊಡಗಿತು. ಯಾರೋ ಆಚೆಯಿಂದ ಭುಜ ಕೊಟ್ಟು ಗುದ್ದುತ್ತಿದ್ದರು. ಸದ್ದು ಒಳಗೆ ಬರದ ಹಾಗೆ ಕಟ್ಟಿದ ಬಾಗಿಲು ಅದು. ಹೊಡೆತ ಮಾತ್ರ ಮೂಳೆಗೆ ತಟ್ಟುತ್ತಿತ್ತು. ನಾನು ಹಿಮ್ಮಡಿಯನ್ನು ನೆಲಕ್ಕೆ ಊರಿದೆ. ಅತ್ತೆ ಉಸಿರೆಳೆದುಕೊಂಡು ಮುಂದಿನ ಸಾಲು ಎತ್ತಿದರು.