ಸೊಂಟದಾಳದ ನೀರು

ಮಾರ್ಚ್ ಇಪ್ಪತ್ತನಾಲ್ಕು, ಭಾನುವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ಮಿಂಚುಳ್ಳಿ, ಒಂದು — ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಜೋರಾಗಿ ಓದುತ್ತಿದ್ದಾಳೆ, ನಾನು ಕಣ್ಣು ತೆರೆಯುವಷ್ಟರಲ್ಲಿ ಆ ನೀಲಿ ಗೆರೆ ಜೊಂಡಿನ ಹಿಂದೆ ಹೋಗಿಯಾಗಿದೆ, ನೋಡಿದ್ಯಾ ಅಮ್ಮಾ, ನೋಡಿದೆ ಕಣೇ, ಸುಳ್ಳು, ನಿನ್ ಕಣ್ಣು ಮುಚ್ಚಿತ್ತು, ಹೌದು ಮುಚ್ಚಿತ್ತು, ರೆಪ್ಪೆ ಎತ್ತುವುದೂ ಒಂದು ಕೆಲಸವಾಗಿದೆ, ಬೆನ್ನಿನ ಕೆಳಗೆ ಜಮಖಾನ, ಅದರ ಕೆಳಗೆ ಹುಲ್ಲು, ಅದರ ಕೆಳಗೆ ಒಂದು ಕಲ್ಲು, ಸರಿಯಾಗಿ ಪಕ್ಕೆಗೆ ಒತ್ತುತ್ತಿದೆ, ಸ್ವಲ್ಪ ಸರಿದರೆ ಆಯಿತು, ಆದರೆ ಸರಿಯಬೇಕಲ್ಲ. ಮೂಗಿನ ಪಕ್ಕದಲ್ಲೇ ಒಂದು ಹಳದಿ ಹೂ, ಐದು ಎಸಳು, ಒಂದರ ಅಂಚನ್ನು ಯಾವುದೋ ಹುಳ ಅರ್ಧಚಂದ್ರದಂತೆ ಕತ್ತರಿಸಿದೆ, ಕಾಲೇಜಿನಲ್ಲಿದ್ದಾಗ ಇದರ ಕುಟುಂಬ, ಪ್ರಭೇದ ಎಲ್ಲ ಬಾಯಿಗೆ ಬರುತ್ತಿತ್ತು, ಈಗ ಬರೀ ಹಳದಿ ಹೂ. ಇವರು ಮೊಟ್ಟೆ ಸುಲಿಯುತ್ತಿದ್ದಾರೆ, ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಹೋಗುತ್ತಿದೆ, ಏಳಬೇಡ ಮಲಗು, ವಾರಕ್ಕೊಂದಿನ ಆದ್ರೂ ಮನುಷ್ಯರ ಥರ ಇರು ಅನ್ನುತ್ತಾರೆ, ಈ ಮಿಡತೇನ ನಾನು ನೋಡ್ಕೋತೀನಿ — ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಾಳೆಂದು ಮಗಳಿಗೆ ಅವರಿಟ್ಟ ಹೆಸರು — ಆದರೆ ಅವರ ಕಣ್ಣೆಲ್ಲ ಮೊಟ್ಟೆಯ ಮೇಲೆ. ಅತ್ತೆ ನೀರಿನಲ್ಲಿದ್ದಾರೆ. ಎಪ್ಪತ್ತೊಂದು ವರ್ಷ, ಸೊಂಟದವರೆಗೆ ಹೊಳೆ, ಎರಡೂ ಕೈ ಅಗಲಿಸಿ ನೀರಿನ ಮೇಲೆ ಸವರುತ್ತಿದ್ದಾರೆ, ಹಾಸಿಗೆಯ ಸುಕ್ಕು ಸರಿಮಾಡುವ ಹಾಗೆ, ಆರು ವರ್ಷ ಆಯ್ತು ಕಣೇ ಇಲ್ಲಿಗೆ ಇಳಿದು ಅಂದರು ಬರುವಾಗ, ಆ ಕೆಂಪು ಬೋರ್ಡ್ ಹಾಕಿದ್ ದಿನದಿಂದ, ಈಗ ಹೊಸದರಲ್ಲಿ ನಿನ್ನ ಸಹಿ ಇದೆ ಅಂತ ಧೈರ್ಯವಾಗಿ ಇಳೀತಿದೀನಿ, ಬೇರೆ ಯಾರದ್ದಾದ್ರೂ ಆಗಿದ್ರೆ ದಡದಲ್ಲೇ ಕೂತಿರ್ತಿದ್ದೆ. ಬೋರ್ಡ್ ಇಲ್ಲಿಂದಲೂ ಕಾಣುತ್ತದೆ, ನಿನ್ನೆ ಸಂಜೆ ಹಾಕಿದ್ದು, ಹಸಿರು ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ನೀರಿಗೆ ಇಳಿಯಬಹುದು, ಕರಗಿದ ಆಮ್ಲಜನಕ ಲೀಟರಿಗೆ 7.4 ಮಿಲಿಗ್ರಾಂ, ಕೆಳಗೆ ನೀರು ಪರೀಕ್ಷಕರು ಅಂತ ಬರೆದು ನನ್ನ ಸಹಿ, ಸಹಿಯ ಕೊನೆಯ ಗೆರೆ ಸ್ವಲ್ಪ ಜಾರಿದೆ, ಅಷ್ಟು ಸುಸ್ತಾಗಿತ್ತು.

ಏಳು ಪಾಯಿಂಟ್ ನಾಲ್ಕು. ಜನವರಿಯಲ್ಲಿ ಐದು ಪಾಯಿಂಟ್ ಎರಡು, ಫೆಬ್ರವರಿಯಲ್ಲಿ ಐದು ಪಾಯಿಂಟ್ ಮೂರು, ಮೂರು ತಿಂಗಳು ಸತತವಾಗಿ ಐದು ದಾಟಿದರೆ ಬೋರ್ಡು ಹಸಿರು, ಕೊಳಚೆ ಸೇರಿದಷ್ಟೂ ನೀರಿನ ಉಸಿರು ಇಳಿಯುತ್ತದೆ, ಇಷ್ಟೇ ವಿಷಯ, ಆದರೆ ಒಂದೇ ತಿಂಗಳಿಗೆ ಎರಡು ಮೇಲೇರಿತೇ, ಅದೂ ಹೊಳೆ ಇಳಿಯುವ ಕಾಲದಲ್ಲಿ — ಇಷ್ಟು ಒಳ್ಳೆಯ ಅಂಕಿ ಬಂದಾಗಲೇ ಅನುಮಾನ ಪಡಬೇಕಿತ್ತು, ಯಾರೂ ಪಡಲಿಲ್ಲ, ಸಾಹೇಬರು ಭೇಷ್ ಅಂದರು, ನಾನೂ ನಕ್ಕೆ. ಮೊನ್ನೆ ಶುಕ್ರವಾರ ಇದು ಹನ್ನೊಂದನೆಯ ಜಾಗ, ಮೂರನೆಯ ಜಾಗದಲ್ಲೇ ಬೂಟಿನೊಳಗೆ ನೀರು ನುಗ್ಗಿತ್ತು, ಕಾಲ್ಚೀಲ ಹಿಂಡಿ ಹಿಂಡಿ ಹಾಕಿಕೊಂಡಿದ್ದೆ, ಬೆರಳುಗಳು ನೆನೆದು ಬೆಳ್ಳಗಾಗಿದ್ದವು, ಜೀಪಿನಲ್ಲಿ ಕುಳಿತೇ ನಮೂನೆಯ ಕಾಗದ ತುಂಬಿಟ್ಟಿದ್ದೆ, ನಾವೆಲ್ಲ ಹಾಗೇ ಮಾಡುವುದು, ಸಮಯ ಉಳಿಯುತ್ತದೆ, ಸ್ಥಳ: ಜನ ಇಳಿಯುವ ದಡ, ಆಳ: ಸೊಂಟದವರೆಗೆ — ಇನ್ನೂ ನೀರನ್ನೇ ಮುಟ್ಟಿರಲಿಲ್ಲ. ಸೇತುವೆಯ ಮೇಲೆ ಡ್ರೈವರ್ ಗಾಡಿ ನಿಲ್ಲಿಸಿದ, ಮೇಡಂ, ಇಲ್ಲಿಂದ್ಲೇ ಬಕೆಟ್ ಬಿಟ್ಟು ಎಳ್ಕೊಂಬಿಡಿ, ಅಲ್ಲಿಗೊಂದು ಇಲ್ಲಿಗೊಂದು ಅಂತ ಎರಡು ಹೊಳೆ ಇದ್ಯಾ, ನಿಮ್ ಕಾಲಿಗೂ ಒಂದು ರಜಾ ಕೊಡಿ, ನಗು ಬಂತು, ಕಾಲಿಗೆ ರಜೆ ಕೊಟ್ಟೆ. ಹಗ್ಗ ಬಿಟ್ಟೆ, ನಡುಹೊಳೆಯ ಓಡುವ ನೀರು, ಬಕೆಟ್ ಕಂಬಕ್ಕೆ ಬಡಿದು, ತುಳುಕಿ, ಗಾಳಿಯನ್ನೆಲ್ಲ ಕುಡಿದು ಮೇಲೆ ಬಂತು, ಮೀಟರ್ ಅದ್ದಿದೆ, 7.4, ಸೂಕ್ಷ್ಮಾಣು ಪರೀಕ್ಷೆಯ ಬಾಟಲಿಯನ್ನೂ ಅದರಲ್ಲೇ ತುಂಬಿಸಿದೆ, ಅದೂ ಚೆನ್ನಾಗಿಯೇ ಬಂತು, ಬಾರದೆ ಏನು, ಸೇತುವೆಯಿಂದ ಕೆಳಗೆ ನೂರು ಹೆಜ್ಜೆ ದಾಟಿದ ಮೇಲಲ್ಲವೇ ಊರಿನ ಚರಂಡಿ ಸೇರುವುದು, ಹೊಳೆ ಇಳಿದಾಗ ಆ ನೀರು ನಡುವಿಗೆ ಹೋಗದೆ ದಡಕ್ಕೇ ಅಂಟಿಕೊಂಡು ಬರುವುದು, ಇದೇ ದಡಕ್ಕೆ, ಇದು ನನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಹೊಸಬರಿಗೆ ನಾನೇ ಹೇಳಿಕೊಡುವ ಪಾಠ, ಜನ ಎಲ್ಲಿ ನಿಲ್ಲುತ್ತಾರೋ ಅಲ್ಲೇ ನೀನೂ ನಿಂತು ನೀರು ತುಂಬಿಸು. ಇರಲಿ. ಎರಡೂ ಕಡೆ ಅಷ್ಟೇನೂ ವ್ಯತ್ಯಾಸ ಇರಲಿಕ್ಕಿಲ್ಲ. ಬೆಳಗ್ಗೆಯಿಂದ ಇದೇ ಮಾತು ತಲೆಯಲ್ಲಿ, ಇರಲಿಕ್ಕಿಲ್ಲ, ಇರಲಿಕ್ಕಿಲ್ಲ, ಜೋಗುಳದ ಹಾಗೆ, ಅದರ ಮೇಲೇ ನಿದ್ದೆ ಮಾಡುತ್ತಿದ್ದೇನೆ.

ಅಮ್ಮಾ ಇದೇನು ನೋಡು, ಮಗಳ ಒದ್ದೆ ಕಾಲು ನನ್ನ ಮುಖದ ಹತ್ತಿರ, ಮೊಣಕಾಲವರೆಗೆ ಕಪ್ಪು ಕೆಸರು, ಮಂಡಿಯಲ್ಲಿ ಮೊನ್ನೆ ಸೈಕಲ್‌ನಿಂದ ಬಿದ್ದ ಗಾಯ, ಪಟ್ಟಿ ಬಿಚ್ಚಿಕೊಂಡು ನೇತಾಡುತ್ತಿದೆ, ನೀರೊಳಗಿನ ಕಲ್ಲು ತಿರುಗಿಸಿದೆ, ಮೂರು ಬಾಲದ್ದು ಇರುತ್ತೆ ಅಂದಿದ್ಯಲ್ಲ, ಒಂದೂ ಇಲ್ಲ, ಇದೇ ಇರೋದು ಎಲ್ಲಾ ಕಲ್ಲಲ್ಲೂ — ಅಂಗೈ ಬಿಚ್ಚಿದಳು. ಕೆಂಪು ದಾರ. ಒಂದು ಅಂಗುಲವೂ ಇಲ್ಲ, ಅವಳ ಅಂಗೈ ಗೆರೆಯ ಮೇಲೆ ಎಂಟರ ಆಕಾರದಲ್ಲಿ ಸುತ್ತಿಕೊಂಡು, ಬಿಚ್ಚಿಕೊಂಡು, ಮತ್ತೆ ಸುತ್ತಿಕೊಂಡು, ಉಸಿರಿಲ್ಲದ ಕೆಸರಿನಲ್ಲೂ ಬದುಕುವ ಹುಳ, ನಮ್ಮ ರಕ್ತದ ಕೆಂಪಿನಂಥದೇ ಅದರ ಕೆಂಪು, ಇದ್ದಬದ್ದ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲು. ಮೂರು ಬಾಲದ ಮರಿಹುಳಗಳು ಒಳ್ಳೆಯ ನೀರಿನವು, ನಾನೇ ಹೇಳಿದ್ದೆ ಅವಳಿಗೆ, ಅವು ಇದ್ದರೆ ಹೊಳೆ ಚೆನ್ನಾಗಿದೆ ಅಂತ ತಿಳ್ಕೋ. ಎಷ್ಟಿವೆ, ಒಂದು ಕಲ್ಲಿಗೆ ನಲವತ್ಮೂರು, ಎಣಿಸಿದೆ, ಚೆನ್ನಾಗಿದೆ ಅಲ್ವಾ ಅಮ್ಮಾ, ಮುದ್ದಾಗಿದೆ. ಎದ್ದೆ. ಹೇಗೆ ಎದ್ದೆನೋ. ಕೈ ತೊಳಿ, ಮನೆಯಿಂದ ತಂದ ನೀರಲ್ಲಿ, ಆ ಮಂಡಿ ಕೂಡ, ಸೋಪು ಹಾಕಿ, ಅಲ್ಲ, ಹುಳ ಸಾಯುತ್ತೆ, ಮೊದ್ಲು ಡಬ್ಬದೊಳಗೆ ಬಿಡು, ಅತ್ತೇ, ಮೇಲೆ ಬನ್ನಿ. ಯಾಕೇ, ಹಾವಾ. ಹಾವಲ್ಲ ಅತ್ತೆ, ನಾನು. ನೀನು ಏನೇ, ನಿದ್ದೆಗಣ್ಣಲ್ಲಿ ಏನಾದ್ರೂ ಮಾತಾಡ್ತಿದ್ಯಾ, ಅವರು ನಗುತ್ತ ಬೊಗಸೆ ತುಂಬ ನೀರು ಎತ್ತಿ ಮುಖಕ್ಕೆ — ಬೇಡ, ಕೂಗಿದೆ, ನನ್ನದೇ ದನಿಯೇ ಅದು, ಮುಖಕ್ಕೆ ಹಾಕ್ಕೋಬೇಡಿ, ಜೊಂಡಿನಿಂದ ಬೆಳ್ಳಕ್ಕಿಯೊಂದು ಹಾರಿತು, ಆಚೆ ಈಜುತ್ತಿದ್ದ ಎರಡು ಸಂಸಾರದವರು ತಿರುಗಿ ನೋಡಿದರು, ಅವರಲ್ಲೊಬ್ಬ ಎಳೆಕೂಸನ್ನು ನೀರಿಗೆ ಅದ್ದುತ್ತಿದ್ದವನು, ಬೋರ್ಡ್ ಹಸಿರಿದೆಯಲ್ಲ ಮೇಡಂ ಅಂದ. ಇವರು ಮೊಟ್ಟೆ ಕೈಯಲ್ಲೇ ಹಿಡಿದು ಎದ್ದು ನಿಂತರು, ಏನಾಯ್ತು, ಬೋರ್ಡ್ ತಪ್ಪು, ಬೋರ್ಡಲ್ಲಿರೋದು ನಿನ್ ಸಹಿ ಕಣೇ, ಅದಕ್ಕೇ ಹೇಳ್ತಿರೋದು, ಮೆಲ್ಲಗೆ ಹೇಳು, ಎಲ್ಲಾ ಕೇಳಿಸ್ಕೋತಿದಾರೆ, ಕೇಳಿಸ್ಕೊಳ್ಳಲಿ. ಕೆಲಸ ಹೋದರೆ, ಅಂದರು, ದನಿಯೇ ಇಲ್ಲದೆ, ನನಗೆ ಸುಸ್ತು, ಸುಳ್ಳನ್ನು ಎತ್ತಿಕೊಂಡು ತಿರುಗುವಷ್ಟು ಶಕ್ತಿಯೂ ಉಳಿದಿಲ್ಲ. ಮೀಟರ್ ಕಾರಿನಲ್ಲೇ ಇದೆ, ಶುಕ್ರವಾರ ಆಫೀಸಿನ ಮೆಟ್ಟಿಲು ಹತ್ತಿ ಅದನ್ನು ಒಪ್ಪಿಸಿ ಬರಲಾಗದೆ ಹಾಗೇ ಮನೆಗೆ ತಂದಿದ್ದೆ, ಅದೂ ಒಂದು ತಪ್ಪು, ಆ ತಪ್ಪೊಂದು ಈಗ ಕೈಗೆ ಬಂತು. ಬೂಟಿಲ್ಲದೆ ಇಳಿದೆ, ಕೆಸರು ಪಾದದ ಬೆರಳ ಸಂದಿನಲ್ಲಿ ಮೇಲೆದ್ದಿತು, ಬೆಚ್ಚಗೆ, ಮೊಣಕಾಲು, ತೊಡೆ, ಸೊಂಟ, ಶುಕ್ರವಾರ ಜೀಪಿನಲ್ಲಿ ಕುಳಿತು ಕಾಗದದಲ್ಲಿ ಬರೆದ ಜಾಗ ಇದೇ, ಎರಡು ದಿನ ತಡವಾಗಿ ಬಂದಿದ್ದೇನೆ. ಪಕ್ಕದಲ್ಲಿ ಅತ್ತೆ, ನೀರು ತೊಟ್ಟಿಕ್ಕುವ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಾರೆ, ಬೈಯಬಹುದಿತ್ತು, ಬೈಯಲಿಲ್ಲ, ನೋಡಿ ಹೇಳು, ಆಮೇಲೆ ಹೋಗ್ತೀನಿ ಅಂದರು, ಅಷ್ಟೇ. ಮೀಟರ್ ನೀರಿಗೆ ಇಳಿಸಿದೆ. ಕೂಸಿನ ಅಪ್ಪ ಅದನ್ನು ಹೆಗಲಿಗೆ ಎತ್ತಿಕೊಂಡಿದ್ದಾನೆ. ಅಂಕಿ ಇಳಿಯುತ್ತಿದೆ, ನಿಲ್ಲುತ್ತಿಲ್ಲ, ನಾಲ್ಕು, ಮೂರೂವರೆ, ಹಳದಿ ಹೂವಿನ ಪಕ್ಕ ಮಗಳು ಪೆನ್ಸಿಲ್ ಹಿಡಿದು ಕುಳಿತಿದ್ದಾಳೆ, ಎಷ್ಟಮ್ಮಾ, ಜೋರಾಗಿ ಹೇಳು, ಬರ್ಕೋತೀನಿ, ಇನ್ನೊಂದು ಕೈಯಲ್ಲಿ ಡಬ್ಬ, ಡಬ್ಬದೊಳಗೆ ಕೆಂಪು ದಾರ, ಎಂಟಾಗಿ ಸುತ್ತಿಕೊಳ್ಳುತ್ತಿದೆ, ಬಿಚ್ಚಿಕೊಳ್ಳುತ್ತಿದೆ, ಸುತ್ತಿಕೊಳ್ಳುತ್ತಿದೆ —

ಲೀಟರಿಗೆ ಎರಡು ಪಾಯಿಂಟ್ ಒಂದು ಮಿಲಿಗ್ರಾಂ.