ಬಗ್ಗಿಸಲಾರದೆ ಕಳಿಸಿದ ಹಾಳೆ

ಕುಂದಾಪುರದ ಕಾಲೇಜೊಂದರಲ್ಲಿ ಪಾಠ ಮಾಡುವ ವಿಜೇತಾಳಿಗೆ ಗ್ರಾಫೀನ್ ಬೆಳೆಸುವ ಹುಚ್ಚು. ತಾಮ್ರದ ತೆಳು ಹಾಳೆಯನ್ನು ಫರ್ನೇಸಿನಲ್ಲಿ ಕೆಂಪಗೆ ಕಾಯಿಸಿ ಮೀಥೇನ್ ಹಾಯಿಸಿದರೆ, ಅದರ ಇಂಗಾಲ ಒಂದೇ ಪರಮಾಣುವಿನ ದಪ್ಪಕ್ಕೆ ತಾಮ್ರದ ಮೇಲೆ ಹರಡಿಕೊಳ್ಳುತ್ತದೆ; ಅದೇ ಗ್ರಾಫೀನ್. ಆಮೇಲೆ ತಾಮ್ರವನ್ನು ಕರಗಿಸಿ, ನೀರಿನ ಮೇಲೆ ತೇಲುವ ಪದರವನ್ನು ಹಾಲಿನ ಕೆನೆ ಎತ್ತಿದಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಎತ್ತಿಕೊಳ್ಳಬೇಕು. ಎತ್ತುವಾಗಲೇ ಹರಿಯುತ್ತಿತ್ತು ಹಾಳಾದ್ದು. ಕೊನೆಗೂ ಅಂಗೈಯಗಲದ್ದೊಂದು ತೂತಿಲ್ಲದೆ ಬಂತು. ನೋಡಲು ಬರೀ ಪ್ಲಾಸ್ಟಿಕ್, ಆದರೆ ಮೀಟರ್ ಇಟ್ಟರೆ ವಿದ್ಯುತ್ ಹರಿಯುತ್ತದೆ.

ಬೈಂದೂರಿನಲ್ಲಿ ಅಂಗಡಿಯಿಟ್ಟಿರುವ ಹಳೇ ವಿದ್ಯಾರ್ಥಿ ಉಲ್ಲಾಸ್ ಇದಕ್ಕೇ ಕಾದಿದ್ದ. ಅವನು ಮೀನುಗಾರರ ಜಾಕೆಟ್ಟಿಗೆ ದೀಪ ಹೊಲಿಯುವವನು. ಬಲೆ ಎಳೆಯಲು ಬಗ್ಗಿದಾಗಲೆಲ್ಲ ತಂತಿ ತುಂಡಾಗುತ್ತಿತ್ತು; ಅದರ ಬದಲಿಗೆ ಬಗ್ಗಿದರೂ ವಿದ್ಯುತ್ ಹರಿಸುವ ಹಾಳೆ ಅವನಿಗೆ ಬೇಕಿತ್ತು. ಇತ್ತ ಪ್ರಾಂಶುಪಾಲರು, ಈ ಹಾಳೆ ಯಾರ ಉಪಯೋಗಕ್ಕೂ ಬಾರದಿದ್ದರೆ ಫರ್ನೇಸ್ ಕೋಣೆಯನ್ನು ಸ್ಟೋರ್ ರೂಮ್ ಮಾಡುವುದೇ ಸೈ ಎಂದಿದ್ದರು. ಬಗ್ಗುವ ಹಾಳೆ ಮಾಡಲು ಹೊರಟವಳು, ಹರಿದೀತೆಂಬ ಭಯಕ್ಕೆ ಅದನ್ನು ಒಮ್ಮೆಯೂ ಬಗ್ಗಿಸಿ ನೋಡಿರಲಿಲ್ಲ.

ಅವತ್ತು ಪರೀಕ್ಷೆಯ ಡ್ಯೂಟಿ ಬೇರೆ, ತಾನೇ ಹೋಗುವಂತಿರಲಿಲ್ಲ. ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು, ಉಲ್ಲಾಸನಿಗೆ ತಲುಪಿಸಲು ಬೈಂದೂರು ಬಸ್ಸಿನ ಕಂಡಕ್ಟರ್ ನಾಗನ ಕೈಗೆ ಕೊಟ್ಟಳು.

"ನಾಗಣ್ಣ, ಇದನ್ನ ಮಡ್ಚ್‌ಬೇಡಿ, ಆಯ್ತಾ?"

"ಹೆದ್ರ್ಕಂಬೇಡಿ ಮೇಡಂ, ನಾನ್ ಕಾಣ್ಕಂತೆ."

ಸಂಜೆ ಉಲ್ಲಾಸನ ಫೋನ್ ಬಂತು. "ಮೇಡಂ, ನಾಗಣ್ಣ ಇದನ್ನ ಚಾಪಿ ಸುತ್ತ್ದಂಗೆ ಸುತ್ತಿ ಕಿಸೆಯಲ್ಲ್ ಹಾಕಂಡ್ ಬಂದಿರ್!"

ಹಿಂದಿನಿಂದ ನಾಗನ ದನಿ: "ಬಸ್ಸಲ್ಲ್ ಕಾಲಿಡುಕೂ ಜಾಗ ಇರ್ಲಿಲ್ಲ ಮೇಡಂ. ರಟ್ಟ್ ಎರಡೂ ಮುರ್ದ್ ಹೋಯ್ತ್. ಮಡ್ಚ್‌ಬೇಡಿ ಅಂದಿರಲೆ, ಅದ್ಕೇ ಸುತ್ತ್ದೆ. ಒಂದ್ ಮಡಿಕೆ ಬಿದ್ದಿದ್ರೆ ನನ್ನ ಕೇಳಿ!"

ವಿಜೇತಾ ಬೆಂಚಿನ ಮೇಲೆ ಕೂತಳು. ನಾಗನ ಮೇಲೆ ಸಿಟ್ಟು ಬರಲಿಲ್ಲ. ಫರ್ನೇಸ್ ಕೋಣೆಯಲ್ಲಿ ಹಳೇ ಕುರ್ಚಿಗಳು ತುಂಬಿದ್ದು ಕಣ್ಣಿಗೆ ಕಟ್ಟಿತು.

"ದೀಪಕ್ಕೆ ಸೇರ್ಸಿ ಕಾಣ್ ಉಲ್ಲಾಸ್," ಎಂದಳು. ಆಚೆಯಿಂದ ಹಾಳೆ ಬಿಡಿಸುವ ಸದ್ದು ಬಂತು. ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು.

"ಹತ್ತಿತ್ ಮೇಡಂ! ಲೈಟ್ ಹತ್ತಿತ್!"

ಅವಳ ಕಣ್ಣು ತುಂಬಿ ಬಂತು. "ಲೈಟ್ ಉರೀತಿದ್ದಂಗೇ ಹಾಳೆನ ಇನ್ನೊಂದ್ಸಲ ಸುತ್ತಿ ಕಾಣ್."

"ನಂಗೆ ಧೈರ್ಯ ಇಲ್ಲ ಮೇಡಂ. ನೀವೇ ಬಂದ್ ಸುತ್ತಿ."

ಮರುದಿನ ಬೆಳಿಗ್ಗೆ ನಾಗನ ಬಸ್ಸಿನಲ್ಲೇ ನಿಂತುಕೊಂಡು ವಿಜೇತಾ ಬೈಂದೂರಿಗೆ ಹೋದಳು. ಉಲ್ಲಾಸನ ಅಂಗಡಿಯಲ್ಲಿ, ದೀಪ ಉರಿಯುತ್ತಿರುವಾಗಲೇ, ಹಾಳೆಯನ್ನು ತನ್ನ ಕೈಯಾರೆ ಮೆಲ್ಲನೆ ಸುರುಳಿ ಸುತ್ತಿದಳು. ದೀಪ ಉರಿಯುತ್ತಲೇ ಇತ್ತು.